ದೊರೆಯನ್ನು ಹುಡುಕಿಕೊಂಡು ಹುಲಿಕೆರೆಗೆ

ಒಬ್ಬ ದೊರೆಯನ್ನು ಹುಡುಕಲೆಂದು ಬೆಳಗಿನ ಬಸ್ಸಿಗೆ ಅರಸೀಕೆರೆ ಬಿಟ್ಟೆ. ನಮ್ಮ ಮುತ್ತಾತ ರುದ್ರಪ್ಪನವರದು ಬೆಕ್ಕಿನ ಕಣ್ಣು. ಕೊಬ್ಬರಿ ವ್ಯಾಪಾರಿ ಸಿದ್ದಪ್ಪನವರು ಅವರನ್ನು ಕೂಸಾಗಿದ್ದಾಗ ತಂದು ಸಾಕಿಕೊಂಡರು, ಹುಟ್ಟಿಸಿದವನು ಮಾತ್ರ ಯಾರೋ ಬಿಳಿ ದೊರೆ ಎಂಬುದು ಮನೆಯ ನಂಬಿಕೆ. ಜಗಳವಿದ್ದದ್ದು ಯಾವ ದೊರೆ ಎಂಬುದರಲ್ಲಿ. ರೈಲು ಹಳಿ ಹಾಕಿಸಲು ಬಂದವನು ಎಂದು ದೊಡ್ಡಪ್ಪ, ಅರೇಹಳ್ಳಿ ಕಡೆ ಕಾಫಿ ತೋಟ ಮಾಡಿದ್ದವನು ಎಂದು ಬೇಲೂರಿನ ಸೋದರತ್ತೆ. ದೊಡ್ಡಪ್ಪ ಈಗ ವಂಶವೃಕ್ಷ ಬರೆಸಿ ಗೋಡೆಗೆ ಹಾಕಿಸುವವರಿದ್ದರು. ಅದರ ತುದಿಯಲ್ಲಿ ಒಂದು ಜಾಗ ಖಾಲಿ ಬಿದ್ದಿತ್ತು.

“ರೈಲಿನವನೋ ಕಾಫಿಯವನೋ, ತೀರ್ಮಾನ ಮಾಡ್ಕಂಡ್ ಬಾರ್ಲಾ. ಆದ್ರೆ ರೈಲಿನವನೇ ಆಗಿರ್ಲಿ,” ಎಂದು ನನ್ನನ್ನು ಅಟ್ಟಿದರು.

ನನ್ನನ್ನೇ ಅಟ್ಟಲು ಕಾರಣವಿತ್ತು. ನೆಂಟರು ಎಲ್ಲಿ ಸೇರಿದರೂ ನನ್ನಿಂದ ‘ದೊರೆ ಪಾರ್ಟು’ ಮಾಡಿಸುತ್ತಾರೆ. ಮೂಗು ಮೇಲೆ ಮಾಡಿ ದೊರೆಯ ಹರುಕು ಕನ್ನಡ, ಆಮೇಲೆ ಗಂಟಲು ಸಣ್ಣ ಮಾಡಿ ಮುತ್ತಾತನ ತಾಯಿಯ ನುಲಿಯುವ ದನಿ. ವಿಡಿಯೋ ಮಾಡಿ ಮೊಬೈಲಿನಲ್ಲೂ ಹಾಕಿದ್ದೇನೆ. ಓದು ಅಷ್ಟಕ್ಕಷ್ಟೇ ಆದ ನನಗೆ ಮನೆಯಲ್ಲಿ ಇದೊಂದೇ ಮರ್ಯಾದೆ.

ಬಸ್ಸು ತುಂಬಿತ್ತು. ಜಾವಗಲ್ಲಿನವರೆಗೂ ನಿಂತೇ ಹೋದೆ. ಹೆಂಗಸರಿಗೆ ಟಿಕೆಟ್ ಪುಕ್ಕಟೆಯಲ್ಲವೇ, ನಾನೂ ಕತ್ತು ಕೊಂಕಿಸಿ ಹೆಣ್ಣು ದನಿಯಲ್ಲಿ, “ಬೇಲೂರಿಗೆ ಒಂದು ಕೊಡಣ್ಣಾ,” ಎಂದೆ.

“ಆಧಾರ್ ತೆಗಿಯವ್ವ,” ಎಂದ ಕಂಡಕ್ಟರ್. “ಫೋಟೋದಲ್ಲಿ ಮೀಸೆ ಇದ್ರೆ ನಡಿಯಾಕಿಲ್ಲ.”

ಬಸ್ಸೆಲ್ಲ ನಕ್ಕಿತು. ಪೂರ್ತಿ ಚಾರ್ಜು ಕೊಟ್ಟೆ.

ಬೇಲೂರಿನಲ್ಲಿ ಅತ್ತೆ ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ ಹಾಕಿದರು. ಕಾಫಿ ಕೊಡುವಾಗಲೂ “ಇದು ನಿಮ್ಮ ಮುತ್ತಾತನ ಅಪ್ಪನ ಬೆಳೆ ಕಣೋ” ಎನ್ನುವುದನ್ನು ಬಿಡಲಿಲ್ಲ. ಸಂಜೆ ದೇವಸ್ಥಾನಕ್ಕೆ ಹೋಗಿ, ಗೈಡೊಬ್ಬನ ಇಂಗ್ಲಿಷ್ ಕದ್ದು ಕಲಿತು ಬಂದೆ. ಊಟಕ್ಕೆ ಕೂತಾಗ ಅತ್ತೆಯೇ ದಾರಿ ತೋರಿಸಿದರು. “ಆ ಹೆಂಗಸಿನ ತವರು ಹುಲಿಕೆರೆಯಂತೆ. ಅವಳ ಅಣ್ಣನ ಮೊಮ್ಮಗಳು ಪುಟ್ಟಗೌರಮ್ಮ ಅಂತ, ಇನ್ನೂ ಇದ್ದಾರೆ. ಹೋಗಿ ಕೇಳು, ಕಾಫಿ ದೊರೆ ಅಂತ ಅವರೇ ಹೇಳ್ತಾರೆ.” ಆ ಹೆಂಗಸಿನ ಹೆಸರು ಅತ್ತೆಗೂ ಗೊತ್ತಿರಲಿಲ್ಲ. ನಾನು ಕೇಳಿದವನೂ ಅಲ್ಲ. ನನ್ನ ದೊರೆ ಪಾರ್ಟಿಗೆ ಹೆಸರು ಬೇಕಾಗಿರಲಿಲ್ಲ.

ಮರುದಿನ ತುಂತುರು. ಬೇಲೂರಿನಿಂದ ಹಳೇಬೀಡು ಹದಿನಾರು ಕಿಲೋಮೀಟರು. ದೇವಸ್ಥಾನದ ಮುಂದೆ ಶಾಲೆ ಮಕ್ಕಳ ಸಾಲು, ಹುರಿದ ಜೋಳದ ಹೊಗೆ. ನಾನು ಒಳಗೆ ಹೋಗದೆ ಹುಲಿಕೆರೆಯ ಆಟೋ ಹತ್ತಿದೆ. ಊರಿನ ಹಳೇ ಕೊಳದ ಮೆಟ್ಟಿಲುಗಳ ಮೇಲೆ ಗುಡಿಗಳು, ಕೆಳಗೆ ಪಾಚಿ ನೀರು. ಅದರ ಹಿಂದಿನ ಬೀದಿಯಲ್ಲೇ ಪುಟ್ಟಗೌರಮ್ಮನವರ ಮನೆ.

ಬಾಗಿಲು ತೆಗೆದ ಸೊಸೆ ಸವಿತ ನನ್ನನ್ನು ನೋಡಿದ್ದೇ ಬಾಯಿಗೆ ಸೆರಗು ಹಿಡಿದಳು. “ದೊರೆ ಪಾರ್ಟಿನೋರಲ್ವಾ ನೀವು? ಮೊಬೈಲಲ್ಲಿ ನೋಡಿವ್ನಿ. ಒಂದ್ಸಲ ಮಾಡ್ರೀ!”

ಬೇಡ ಎನ್ನಲು ನನಗೆ ಬರುವುದಿಲ್ಲ. ಜಗುಲಿಯಲ್ಲೇ ಎದೆ ಉಬ್ಬಿಸಿ, “ಏ ಹುಡ್ಗೀ, ನೀನು ಇಲ್ಲಿ ಬರ್ತಾನೆ,” ಎಂದೆ. ಆಮೇಲೆ ನುಲಿದು, “ಅಯ್ಯೋ ಬಿಡೀ ದೊರೇ, ಯಾರಾದ್ರೂ ನೋಡಿಯಾರು...” ಸವಿತ ಬಿದ್ದು ಬಿದ್ದು ನಕ್ಕಳು. ಒಳಗಿನ ಮಂಚದಿಂದ ಮುದುಕಿಯೊಬ್ಬರು ತಲೆಯೆತ್ತಿದರು. ಬೆಕ್ಕಿನ ಕಣ್ಣು. ನಮ್ಮ ಮನೆಯ ಮುತ್ತಾತನ ಫೋಟೋದಲ್ಲಿರುವ ಅದೇ ಕಣ್ಣು.

“ಅದ್ಯಾರ ದನಿ ಮಗ, ಎರಡ್ನೇದು?”

“ನಮ್ಮ ಮುತ್ತಾತ, ಅರಸೀಕೆರೆ ರುದ್ರಪ್ಪನವರ ತಾಯಿದು ಅಜ್ಜಿ.”

“ನಂಜವ್ವ ಹಂಗೆ ಮಾತಾಡ್ತಿರ್ಲಿಲ್ಲ. ನಾನು ಕೇಳಿವ್ನಿ.”

ಸವಿತಳ ನಗು ನಿಂತಿತು. ನಾನು ಹಲ್ಲು ಕಿರಿದುಕೊಂಡೇ ಇದ್ದೆ, ಮುಚ್ಚಲು ತಿಳಿಯಲಿಲ್ಲ.

“ನಿಮಗೂ ದೊರೆ ಕಣ್ಣು ಬಂದಿದೆ,” ಎಂದೆ, ಏನಾದರೂ ಅನ್ನಬೇಕಲ್ಲ ಎಂದು.

“ನಮ್ಮ ತಾತನಿಗೂ ಇದೇ ಕಣ್ಣು, ಅವರಪ್ಪನಿಗೂ ಇದೇ. ಅವರ್ಗೆಲ್ಲ ಯಾವ ದೊರೆಲಾ?” ಎಂದು ಅಜ್ಜಿ ಕಾಲು ನೀಡಿದರು. “ನಂಜವ್ವ ನಿಮ್ಮ ಸಿದ್ದಪ್ಪನ ಮಂಡಿಗೆ ಕಾಯಿ ಸುಲಿಯಾಕೆ ಹೋದೋಳು. ಮಾಲಯ ಅಮಾಸೆಗೆ ನಾವು ಅವಳ ಎಡೆ ಪಕ್ಕ ಇನ್ನೊಂದು ಎಲೆ ಹಾಕ್ತೀವಿ. ಒಂದು ಪಂಚೆ, ಒಂದು ಇಡೀ ಕೊಬ್ಬರಿ ಗಿಟುಕು. ಮಗುವಿನ ಅಪ್ಪನಿಗೆ ಅಂತ ಅವಳೇ ಹೇಳಿ ಇಡಿಸ್ತಿದ್ಲು. ಸತ್ತೋರಿಗೆ ಅವರವರ ಬದುಕಿನ್ದೇ ಇಡಾದು. ದೊರೆ ಆಗಿದ್ರೆ ಬ್ರಾಂದಿ ಬಿಸ್ಕತ್ತು ಇಡ್ತಿರ್ಲಿಲ್ವಾ?”

ಆ ಮಾತಿಗೆ ಅವರೇ ನಕ್ಕರು. ಕೊಬ್ಬರಿ ಯಾರ ಬದುಕು ಎಂದು ನಾನು ಕೇಳಬೇಕಾಗಿರಲಿಲ್ಲ. ಹೆಂಡತಿಯಲ್ಲಿ ಮಕ್ಕಳಿಲ್ಲದ ಸಿದ್ದಪ್ಪನವರು ಕೂಸನ್ನು ಇಟ್ಟುಕೊಂಡು, ತಾಯಿಯನ್ನು ತವರಿಗೆ ಕಳಿಸಿದ್ದರು. ಕಣ್ಣಿನ ಬಣ್ಣ ನೋಡಿ ದೊರೆಯ ಕಥೆ ಕಟ್ಟಿದರು. ಮಗ ಸಿಕ್ಕಿದ, ಅನಾಥನನ್ನು ಸಾಕಿದ ಪುಣ್ಯವೂ ಸಿಕ್ಕಿತು. ಆಳಿನ ಮಗ ಎನ್ನುವುದಕ್ಕಿಂತ ದೊರೆಯ ಮಗ ಎಂಬುದೇ ನಮಗೆಲ್ಲ ರುಚಿಸಿತು. ಅದಕ್ಕೆ ಉಪ್ಪು ಖಾರ ಹಾಕಿ ಊರಿಗೆಲ್ಲ ಬಡಿಸಿದವನು ನಾನು.

“ಹಂಗಾದ್ರೆ ಹೆಂಗೆ ಮಾತಾಡ್ತಿದ್ರು ಅಜ್ಜಿ?”

“ಮಾತೇ ಕಮ್ಮಿ. ಅರಸೀಕೆರೆ ಗಾಡಿ ಬಂದ್ರೆ ಓಡೋಗಿ ನಿಲ್ಲೋಳು. ‘ಮಗ ಹೆಂಗವ್ನೆ?’ ಅನ್ನೋಳು. ಅವನಿಗೆ ಮೊಮ್ಮಕ್ಕಳಾದ್ಮೇಲೂ ಹಂಗೇ.”

ಯಾರ ಮಾತು ಕೇಳಿದರೂ ನನ್ನ ಗಂಟಲು ತಾನಾಗಿ ಅದನ್ನು ಹಿಡಿಯಲು ಹೋಗುತ್ತದೆ. ಈ ಮಾತಿಗೆ ಹೋಗಲಿಲ್ಲ.

ಹೊರಡುವಾಗ ಅಜ್ಜಿ ಕೈ ಹಿಡಿದುಕೊಂಡರು. “ನಿಮ್ಮನೇಲಿ ಹೇಳ್ತೀಯೇನಪ್ಪ? ಈ ಸಲ ಅವಳಿಗೆ ಅಲ್ಲೊಂದು ಎಲೆ ಹಾಕ್ಲಿ. ಮಗನ ಪಕ್ಕದಲ್ಲಿ.”

“ಹೇಳ್ತೀನಿ ಅಜ್ಜಿ,” ಎಂದೆ. ಜೋರಾಗಿಯೇ ಅಂದೆ.

ಹಳೇಬೀಡಿನಿಂದ ವಾಪಸು ಬರುವ ಬಸ್ಸಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತು. ಮಳೆ ನಿಂತಿತ್ತು. ಮೊಬೈಲು ತೆಗೆದು ದೊರೆ ಪಾರ್ಟನ್ನು ಅಳಿಸಿದೆ. ಎಷ್ಟೋ ಜನ ಹಂಚಿಕೊಂಡು ಆಗಿತ್ತು, ನನ್ನದು ಮಾತ್ರ ಹೋಯಿತು.

ಅರಸೀಕೆರೆ ಮನೆಯ ನಡುಮನೆಯಲ್ಲಿ ಎಲ್ಲರೂ ಕಾದಿದ್ದರು. ಬೀದಿ ಬಾಗಿಲು ಹಾರುಹೊಡೆದಿತ್ತು, ಆಚೆ ಮಂಡಿಯಲ್ಲಿ ಆಳುಗಳು ಕೊಬ್ಬರಿ ಚೀಲ ಹೊಲಿಯುತ್ತಿದ್ದರು.

“ರೈಲಿನವನು ತಾನೇ?” ಎಂದರು ದೊಡ್ಡಪ್ಪ.

“ಯಾವ ದೊರೆಯೂ ಅಲ್ಲ ದೊಡ್ಡಪ್ಪ. ನಮ್ಮ ಸಿದ್ದಪ್ಪನವರೇ. ತಾಯಿ ಮಂಡಿಯಲ್ಲಿ ಕಾಯಿ ಸುಲಿಯೋರು. ಹೆಸರು ನಂಜವ್ವ.”

ಎಲ್ಲರೂ ಹೋ ಎಂದು ನಕ್ಕರು. “ಇದ್ಯಾರ ದನಿಲಾ? ಯಾವ ಮೇಷ್ಟ್ರುದು?” ಎಂದು ಚಿಕ್ಕಪ್ಪ ತೊಡೆ ತಟ್ಟಿದರು. ನಾನು ನಗಲಿಲ್ಲ. ದೊಡ್ಡಪ್ಪನವರೂ ನಗಲಿಲ್ಲ. ಅವರು ಬೀದಿ ಕಡೆ ನೋಡುತ್ತಿದ್ದರು.

“ಬಾಗಿಲು ಹಾಕಲೋ. ಆಳುಗಳು ಕೇಳಿಸ್ಕಂತಾರೆ.”

ಹೋಗಿ ಹಾಕಿದೆ. ನಂಜವ್ವನ ಎಲೆಯ ಮಾತೂ ಸೇರಿ ಉಳಿದದ್ದನ್ನು ಮೆಲ್ಲಗೆ ಹೇಳಿದೆ.