ಉಳಿಸಿಟ್ಟ ಮಾತ್ರೆಗಳು

ಬಟ್ಟೆಯ ಒಂದು ಚೂರನ್ನೂ ಎಸೆಯದ ಹೆಂಗಸು ಅವಳು. ಷರಟು ಹೊಲಿದು ಉಳಿದದ್ದು ಜೇಬಿಗೆ, ಜೇಬಿಗೂ ಸಾಲದ್ದು ದಿಂಬಿನ ಹೊಟ್ಟೆಗೆ. ಅದಕ್ಕೇ ಬೀದಿಯವರೆಲ್ಲ ಅವಳನ್ನು ತುಂಡಕ್ಕ ಎಂದು ಕರೆದರು. ಅವಳಿಗೂ ತಕರಾರಿರಲಿಲ್ಲ. ಉಳಿಸುವುದು ಕೆಟ್ಟ ಗುಣ ಎಂದು ಯಾರಾದರೂ ಹೇಳಿದ್ದರೆ ತಾನೆ?

ಅವಳ ಗಂಡ ಬಸ್ ಕಂಡಕ್ಟರ್ ಆಗಿದ್ದವನು, ದಿನವಿಡೀ ವಟವಟ ಎನ್ನುತ್ತಿದ್ದ ಬಾಯಿ. ಲಕ್ವ ಹೊಡೆದ ಮೇಲೆ ಮಾತು ತೊದಲಿತು. ಒಮ್ಮೆ ನೀರು ಕೇಳಲು ಅವನು ಪಟ್ಟ ಪಾಡು ಕಂಡು ಅವಳಿಗೆ ನಗು ಬಂದುಬಿಟ್ಟಿತು. ಕೆಟ್ಟ ನಗುವೇನಲ್ಲ, ಆದರೂ ನಗು ನಗುವೇ. ಅಂದಿನಿಂದ ಅವನು ಮನುಷ್ಯರೊಡನೆ ಮಾತು ಬಿಟ್ಟ. ಏನಿದ್ದರೂ ಸಾಹೇಬನ ಜೊತೆ. ಸಾಹೇಬ ಎಂದರೆ ಅವನ ಕಾಲ ಬಳಿ ಮಲಗುವ ಬೂದು ಬಣ್ಣದ ಗಂಡು ಬೆಕ್ಕು. ತುಂಡಕ್ಕ ಹೊಲಿಗೆ ಯಂತ್ರ ನಿಲ್ಲಿಸಿ, ಬಾಗಿಲ ಮರೆಯಲ್ಲಿ ನಿಂತು ಗಂಡನ ದನಿ ಕೇಳುತ್ತಿದ್ದಳು. ಬೆಕ್ಕಿನ ಮೇಲೆ ಹೊಟ್ಟೆಕಿಚ್ಚು ಪಟ್ಟ ಹೆಂಡತಿ ಲೋಕದಲ್ಲಿ ಅವಳೊಬ್ಬಳೇ ಇರಬೇಕು. ಆದರೆ ಆ ದನಿ ಮನೆಯಲ್ಲಿ ಉಳಿದಿರುವುದು ಬೆಕ್ಕಿನಿಂದಲೇ ಎಂಬುದೂ ಅವಳಿಗೆ ಗೊತ್ತಿತ್ತು.

ಹೀಗಿರುವಾಗ ಸಾಹೇಬ ತನ್ನ ಮಲಮೂತ್ರಕ್ಕೆಂದು ಇಟ್ಟಿದ್ದ ಮರಳಿನ ತಟ್ಟೆಯಲ್ಲಿ ಕೂತು ತಿಣುಕತೊಡಗಿದ. ಬಂದ ನಾಲ್ಕು ಹನಿಯಲ್ಲಿ ರಕ್ತವಿತ್ತು. ಪ್ರಾಣಿವೈದ್ಯೆ ಮೂತ್ರ ಪರೀಕ್ಷಿಸಿ, ಸೋಂಕು ಎಂದು ಆಂಟಿಬಯಾಟಿಕ್ ಮಾತ್ರೆ ಕೊಟ್ಟಳು.

"ಹುಷಾರಾದ ಅಂತ ನಿಲ್ಲಿಸ್ಬೇಡಿ, ಪೂರ್ತಿ ಮುಗಿಸ್ಬೇಕು. ಮತ್ತೆ ತಿಣುಕಿದ್ರೆ ಕಾಯದೆ ಕರ್ಕೊಂಡು ಬನ್ನಿ. ಗಂಡು ಬೆಕ್ಕಿಗೆ ಮೂತ್ರ ಕಟ್ಟಿದ್ರೆ ಜೀವಕ್ಕೇ ಅಪಾಯ."

ತುಂಡಕ್ಕ ತಲೆಯಾಡಿಸಿದಳು. ತಲೆಯಾಡಿಸುವುದಕ್ಕೇನು ಕಷ್ಟ?

ಮಾತ್ರೆ ಅರ್ಧ ಮುಗಿಯುವಷ್ಟರಲ್ಲಿ ಸಾಹೇಬ ಕಪಾಟಿನ ಮೇಲೆ ನೆಗೆದು ಕೂತ. ಚೆನ್ನಾಗಿರುವವನಿಗೆ ಔಷಧ ಯಾಕೆ ದಂಡ? ಉಳಿದ ಮಾತ್ರೆಗಳನ್ನು, ಮುಂದಕ್ಕೆ ಆದೀತು ಎಂದು, ಗುಂಡಿಗಳ ಡಬ್ಬಿಯಲ್ಲಿ ಹಾಕಿಟ್ಟಳು.

ಕಾಯಿಲೆ ಬೇಗನೆ ಮರಳಿತು. ಸಾಹೇಬ ತಟ್ಟೆ ಹತ್ತಿ ಇಳಿಯತೊಡಗಿದಾಗ ಉಳಿಸಿಟ್ಟದ್ದನ್ನೇ ತೆಗೆದು ಬಾಯಿಗೆ ತುರುಕಿದಳು, ತನ್ನ ಜಾಣತನಕ್ಕೆ ತಾನೇ ಹಿಗ್ಗಿದಳು. ಮರುದಿನ ಮರಳು ಒಣಗಿತ್ತು. ರಕ್ತವಿಲ್ಲ, ಗುಣವಾಗುತ್ತಿದೆ ಎಂದುಕೊಂಡಳು. ಒಣ ಮರಳಿಗಿಂತ ಕೆಟ್ಟ ಸುದ್ದಿ ಬೇರೆ ಇಲ್ಲ ಎಂದು ಆ ಪುಣ್ಯಾತ್ಗಿತ್ತಿಗೆ ಹೊಳೆಯಲಿಲ್ಲ. ಒಳಕೋಣೆಯಲ್ಲಿ ಗಂಡ "ಏ... ಏನಾಯ್ತೋ ನಿಂಗೆ" ಎಂದು ಬೆಕ್ಕನ್ನು ಕೇಳುತ್ತಲೇ ಇದ್ದ. ಅದು ವಾಂತಿ ಮಾಡಿ ಮುದುರಿಕೊಂಡ ಮೇಲೆ ಅವಳು ಅದನ್ನು ಎತ್ತಿಕೊಂಡು ಓಡಿದಳು.

ವೈದ್ಯೆ ಬೆಕ್ಕಿನ ಹೊಟ್ಟೆ ಮುಟ್ಟಿ ನೋಡಿದಳು. ಕಲ್ಲಿನಂತಿತ್ತು.

"ಮಾತ್ರೆ ಮುಗಿಸಿದ್ರಾ?"

"ಅರ್ಧ ಉಳಿಸಿದ್ದೆ ಡಾಕ್ಟ್ರೇ. ಈಗ ಅದನ್ನೇ ಕೊಡ್ತಿದ್ದೆ."

ವೈದ್ಯೆ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ನಳಿಕೆ ತೂರಿಸಿ ಮೂತ್ರ ತೆಗೆದರೂ ಅಷ್ಟರಲ್ಲಿ ವಿಷ ಮೈಗೇರಿತ್ತು. ಸಾಹೇಬ ಆ ಮೇಜಿನ ಮೇಲೆಯೇ ಸತ್ತ.

ತುಂಡಕ್ಕ ಬರಿಗೈಲಿ ಮನೆಗೆ ಬಂದಾಗ ಗಂಡ ಮಂಚದ ಮೇಲೆ ಎದ್ದು ಕೂತಿದ್ದ. ಅವಳ ಮುಖವನ್ನೇ ನೋಡಿದ.

"ಎ... ಎಲ್ಲಿ ಅವನು?"

ಆ ನಗುವಿನ ನಂತರ ಅವಳಿಗೆಂದೇ ಆಡಿದ ಮೊದಲ ಮಾತು ಅದು.

"ಅಲ್ಲೇ ಇಟ್ಕೊಂಡಿದಾರೆ ಕಣ್ರೀ."

"ತಿಂ... ತಿಂದ್ನಾ?"

"ಸ್ವಲ್ಪ ತಿಂದ."

"ಹೆ... ಹೆದರಿದ್ನಾ?"

"ಇಲ್ಲ. ಮಲಗಿಬಿಟ್ಟ."

ಅವಳು ಸ್ಟೂಲು ಎಳೆದುಕೊಂಡು ಅವನ ಪಕ್ಕ ಕೂತಳು. ಒಂದೊಂದು ಮಾತಿಗೂ ಅವನು ಒದ್ದಾಡಿದ, ಅವಳು ನಗದೆ ಕಾದಳು. ಇನ್ನೊಂದು ಕೇಳಲಿ ಎಂದು ಆಸೆ, ಆ ಒಂದನ್ನು ಮಾತ್ರ ಕೇಳದಿರಲಿ ಎಂದು ಹೆದರಿಕೆ.

ಅವನು ಅದನ್ನೂ ಕೇಳಿದ. "ಯಾ... ಯಾವಾಗ ಕರ್ಕೊಂಡ್ ಬರ್ತೀಯ?"

"ನಾಳೆ," ಎಂದಳು.

ಗಂಡ ಅವಳ ಕೈ ಹಿಡಿದುಕೊಂಡ.