ಎಡೆಯ ಮುಂದಿಟ್ಟ ಕ್ಯಾಸೆಟ್

ಊರಿಗೆಲ್ಲ ಗದ್ದಲ ಬಾಡಿಗೆಗೆ ಕೊಡುವುದು ನಮ್ಮಣ್ಣನ ಕಸುಬು. ಅಪ್ಪ ತೀರಿಕೊಂಡ ಮೇಲೆ ಶಿಕಾರಿಪುರದ ಮೈಕ್‌ಸೆಟ್ ಅಂಗಡಿ ಅವನ ಕೊರಳಿಗೆ ಬಿತ್ತು. ಮದುವೆ, ಗೃಹಪ್ರವೇಶ, ಎಲೆಕ್ಷನ್, ಏನಿದ್ದರೂ ಹಾರ್ನ್ ಕಟ್ಟಿ, ದಿನವಿಡೀ ಸಿನಿಮಾ ಹಾಡು ಹಾಕಿ, ಸಂಜೆ ಅರೆಗಿವುಡನಾಗಿ ಮನೆಗೆ ಬರುತ್ತಿದ್ದ. ಅಂಥವನಿಗೆ ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಹಾಡೇ ಇಲ್ಲದ ಕ್ಯಾಸೆಟ್ಟುಗಳ ಹುಚ್ಚು ಹಿಡಿಯಿತು.

ಅವು ಬಂದದ್ದು ಸೊರಬದ ಕಡೆಯ ಗುಡವಿಯಿಂದ. ಕೆರೆಯ ಹಕ್ಕಿಗಳ ದನಿ ಹಿಡಿಯಲು ಬಂದಿದ್ದ ಪರವೂರಿನವರೊಬ್ಬರ ಟೇಪ್ ರೆಕಾರ್ಡರ್ ಕೈಕೊಟ್ಟಿತ್ತು. ಅಲ್ಲೇ ಹತ್ತಿರದ ಕುಪ್ಪಗಡ್ಡೆಯ ಅಜ್ಜಿಮನೆಗೆ ಹೋಗಿದ್ದ ಅಣ್ಣ ಅದನ್ನು ಬಿಚ್ಚಿ ಸರಿಮಾಡಿಕೊಟ್ಟ. ಅವರು ಖುಷಿಯಾಗಿ ತಮ್ಮ ಚೀಲದಲ್ಲಿದ್ದ ಎರಡು ವಿದೇಶಿ ಕ್ಯಾಸೆಟ್ಟುಗಳನ್ನು ಅವನಿಗೆ ಕೊಟ್ಟುಹೋದರು. ಹೊದಿಕೆಯ ಮೇಲೆ ಯಾರ ಫೋಟೋವೂ ಇರಲಿಲ್ಲ, ಬರೀ ಬೂದು ಬಣ್ಣ.

ಮೊದಲ ಸಲ ಕೇಳಿದಾಗ ನಾನು ಕ್ಯಾಸೆಟ್ ಕೆಟ್ಟಿದೆ ಎಂದೆ. ಆಂಪ್ಲಿಫೈಯರಿನ ಗುಂಯ್ ಸದ್ದು ಹೋಗಲಾಡಿಸಲು ಅಣ್ಣ ದಿನಾ ವೈರು ಎಳೆದಾಡಿ ಬೆವರುತ್ತಿದ್ದ. ಇಲ್ಲಿ ಯಾರೋ ಪುಣ್ಯಾತ್ಮ ಅದೇ ಗುಂಯ್ ಇಟ್ಟುಕೊಂಡು ಇಡೀ ಆಲ್ಬಮ್ ಮಾಡಿದ್ದ. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ ಎಂದು ಅಣ್ಣ ನನ್ನ ತಲೆಗೆ ಮೊಟಕಿದ. ಆದರೂ ಕೇಳುವುದನ್ನು ಕಲಿಸಿದ. ರಾಗ ಹುಡುಕಬೇಡ, ಸದ್ದು ಕೋಣೆಯ ಯಾವ ಮೂಲೆಯಲ್ಲಿ ಕೂತಿದೆ ನೋಡು ಎನ್ನುತ್ತಿದ್ದ.

"ಹಾಡು ಮುಂದಕ್ಕ ಹೋಗ್ತತಿ. ಇದು ಎಲ್ಲೂ ಹೋಗಂಗಿಲ್ಲ, ಇದ್ದಲ್ಲೇ ಅಗಲ ಆಗ್ತತಿ."

ಅವನು ಹೇಳಿದ್ದು ನಿಜವೆಂದು ಗೊತ್ತಾಗಲು ನನಗೆ ಒಂದು ಬೇಸಿಗೆ ಬೇಕಾಯಿತು. ಒಂದೇ ಎಂದುಕೊಂಡಿದ್ದ ಗುಂಯ್ ಒಳಗೆ ಮೂರು ನಾಲ್ಕು ಇದ್ದವು. ಅವುಗಳ ಹಿಂದೆ ಎಲ್ಲೋ ನೀರು ತೊಟ್ಟಿಕ್ಕುತ್ತಿತ್ತು. ಇನ್ನೂ ಹಿಂದೆ ಒಂದು ಮಷೀನು, ದೂರದ ಅಕ್ಕಿಗಿರಣಿಯಂತೆ, ನಿಧಾನವಾಗಿ ತಿರುಗುತ್ತಿತ್ತು. ಕ್ಯಾಸೆಟ್ಟಿನ ಮೊದಲ ಮಗ್ಗುಲಿನ ನಡುವೆ ಎಲ್ಲವೂ ಅಳಿಸಿಹೋಗಿ ಏನೂ ಕೇಳಿಸುತ್ತಿರಲಿಲ್ಲ. ಮುಗಿಯಿತೆಂದು ನಾನು ಏಳಹೊರಟರೆ ಅಣ್ಣ ಮುಂಗೈ ಹಿಡಿದು ಕೂರಿಸುತ್ತಿದ್ದ.

"ತಡಿ, ಇನ್ನೂ ಐತಿ."

ಬಹಳ ಹೊತ್ತಿನ ಮೇಲೆ ನೆಲದಡಿಯಿಂದ ಬಂದಂತೆ ಆ ಸದ್ದು ಮತ್ತೆ ಬರುತ್ತಿತ್ತು. ಅಷ್ಟು ಹೊತ್ತೂ ಕೋಣೆಯಲ್ಲಿ ನಾವಿಬ್ಬರಲ್ಲದೆ ಇನ್ನೊಬ್ಬರು ಕೂತಿದ್ದಾರೆಂದು ನನಗನ್ನಿಸುತ್ತಿತ್ತು. ನನಗೆ ಭಯವಾಗುತ್ತಿತ್ತು. ಆ ಭಯ ನನಗೆ ಇಷ್ಟವೂ ಆಗಿತ್ತು.

ಅವ್ವನಿಗೆ ಇಷ್ಟವಾಗಲಿಲ್ಲ. ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ ಎಂದು ಮೊದಮೊದಲು ಗೊಣಗಿದಳು. ಒಂದು ಮುಸ್ಸಂಜೆ ಕೈಯಲ್ಲಿ ದೀಪ ಹಿಡಿದವಳು ಬಂದು ಟೇಪು ನಿಲ್ಲಿಸಿದಳು.

"ಈ ಮನೇಲಿ ಇದನ್ನ ಹಾಕ್ಬೇಡ. ಇದು ಹೋದೋರನ್ನ ಕರೆಯೋ ಸದ್ದು."

ಅಣ್ಣ ಟೇಪನ್ನು ಅಂಗಡಿಗೆ ಒಯ್ದ. ಆಮೇಲೆ ಅಲ್ಲೇ ಹಾರ್ನುಗಳ ರಾಶಿಯ ನಡುವೆ ಕೂತು ಕೇಳುತ್ತಿದ್ದ. ಮರುವರ್ಷದ ಮಳೆಗಾಲದಲ್ಲಿ ಕಾಮಾಲೆ ಏರಿ ಹೋಗಿಬಿಟ್ಟ. ಮದುವೆಯೂ ಆಗಿರಲಿಲ್ಲ.

ಅವನು ಹೋದ ಮೇಲೆ ಊರೆಲ್ಲ ಆ ಸದ್ದೇ ಆಯಿತು. ಬಸ್‌ಸ್ಟ್ಯಾಂಡಿನ ಟ್ರಾನ್ಸ್‌ಫಾರ್ಮರ್, ಪಕ್ಕದ ತೋಟದ ಪಂಪ್‌ಸೆಟ್, ಮಗ್ಗುಲುಮನೆಯ ಹಳೆಯ ಫ್ರಿಜ್ಜು, ಎಲ್ಲವೂ ಗುಂಯ್ ಎನ್ನುತ್ತಿದ್ದವು. ಒಮ್ಮೆ ಸಂತೆಯಿಂದ ಬರುವಾಗ ಅವ್ವ ಚೀಲ ಹಿಡಿದುಕೊಂಡು ಆ ಟ್ರಾನ್ಸ್‌ಫಾರ್ಮರಿನ ಕೆಳಗೆ ಸುಮ್ಮನೆ ನಿಂತಿದ್ದನ್ನು ಕಂಡೆ.

ಮಹಾಲಯ ಅಮಾವಾಸ್ಯೆ ಬಂತು. ಹೋದವರಿಗೆ ಇಷ್ಟವಾದದ್ದನ್ನೆಲ್ಲ ಫೋಟೋ ಮುಂದೆ ಎಡೆಯಿಟ್ಟು, ಬಾಗಿಲು ಮುಚ್ಚಿ, ಹೊರಗೆ ಕೂರುವುದು ನಮ್ಮಲ್ಲಿ ಪದ್ಧತಿ. ಅವರು ಬಂದು ಉಂಡು ಹೋಗುವ ತನಕ ಒಳಗೆ ಯಾರೂ ಕಾಲಿಡಬಾರದು. ಅಪ್ಪನಿಗೆ ಹೋಳಿಗೆ, ಒಂದು ಕಟ್ಟು ಬೀಡಿ. ಅಣ್ಣನ ಎಲೆಗೆ ಏನು ಬಡಿಸುವುದೆಂದು ಅವ್ವ ಸೌಟು ಹಿಡಿದು ನಿಂತುಬಿಟ್ಟಳು. ಊಟದಲ್ಲಿ ಅವನಿಗೆ ಇಂಥದ್ದೇ ಬೇಕೆಂದು ಎಂದೂ ಇರಲಿಲ್ಲ. ಅವನು ಬರುತ್ತಾನೋ ಇಲ್ಲವೋ ಎಂಬುದೇ ಅವಳ ಸಂಕಟವಾಗಿತ್ತು. ಹಾಕಬೇಡ ಎಂದ ಮನೆಗೆ ಅವನ್ಯಾಕೆ ಬಂದಾನು ಎಂದು ಬೆಳಗಿನಿಂದ ಎರಡು ಸಲ ನನ್ನನ್ನೇ ಕೇಳಿದ್ದಳು. ಕೊನೆಗೆ ಆ ಗುಂಯ್ ಅನ್ನೋದನ್ನ ತಂದಿಡು ಎಂದಳು.

ಅಂಗಡಿಯಿಂದ ಟೇಪು ತಂದು ಎಲೆಯ ಪಕ್ಕ ಇಟ್ಟು, ಬೂದು ಹೊದಿಕೆಯ ಕ್ಯಾಸೆಟ್ ಹಾಕಿ, ಬಾಗಿಲು ಮುಚ್ಚಿಕೊಂಡು ಬಂದೆ. ಇಬ್ಬರೂ ಪಡಸಾಲೆಯಲ್ಲಿ ಕೂತೆವು. ನಡುಹಗಲಲ್ಲಿ ಬಾಗಿಲ ಸಂದಿಯಿಂದ ಸದ್ದು ಬರುತ್ತಿತ್ತು. ಆಮೇಲೆ ನನಗೆ ಗೊತ್ತಿದ್ದ ಆ ಮೌನ ಬಂತು.

ಅವ್ವನಿಗೆ ಗೊತ್ತಿರಲಿಲ್ಲ. ಉಂಡು ಎದ್ದನೆಂದು ತಿಳಿದು, ಎದ್ದು ಹೋಗಿ ಬಾಗಿಲಿಗೆ ಕೈಯಿಟ್ಟು ಅರ್ಧ ತೆರೆದೇಬಿಟ್ಟಳು. ತಡಿ ಎನ್ನಬೇಕೆಂದು ನಾನು ಏಳಹೊರಟೆ. ಅಷ್ಟರಲ್ಲಿ ಒಳಗಿನಿಂದ, ನೆಲದಡಿಯಿಂದೆಂಬಂತೆ, ಅದು ಮತ್ತೆ ಶುರುವಾಯಿತು. ಅವ್ವ ಕೆಂಡ ಮುಟ್ಟಿದವಳಂತೆ ಕೈ ತೆಗೆದು, ಬಾಗಿಲು ಎಳೆದುಕೊಂಡಳು.

"ಇನ್ನೂ ಉಣ್ತಾ ಐದಾನೆ" ಎಂದು ಪಿಸುಗುಟ್ಟಿ ಹೊಸ್ತಿಲ ಬಳಿಯೇ ಕುಸಿದು ಕೂತಳು.

ಒಂದು ಮಗ್ಗುಲು ಮುಗಿದು ಟೇಪಿನ ಗುಂಡಿ ಟಕ್ ಎಂದು ಮೇಲೆದ್ದದ್ದು ಇಬ್ಬರಿಗೂ ಕೇಳಿಸಿತು. ಅವ್ವ ಏಳಲಿಲ್ಲ. ಅದಕ್ಕೆ ಇನ್ನೊಂದು ಮಗ್ಗುಲು ಇರುತ್ತದಲ್ಲವಾ ಎಂದು ಕೇಳಿದಳು. ಹೂಂ ಎಂದೆ.

"ತಿರುವಿ ಹಾಕ್ಬಾ."

ಎಡೆಯ ಕೋಣೆಗೆ ನಡುವೆ ಯಾರೂ ಹೋಗಬಾರದೆಂದು ನನಗೆ ಕಲಿಸಿದವಳೇ ಅವಳು. ತಲೆ ತಗ್ಗಿಸಿ ಒಳಗೆ ಹೋದೆ. ಫೋಟೋ ಕಡೆ ನೋಡಲಿಲ್ಲ, ಎಲೆಯ ಕಡೆಯೂ ನೋಡಲಿಲ್ಲ. ಕ್ಯಾಸೆಟ್ ತೆಗೆದು ಮಗ್ಗುಲು ಬದಲಿಸಿದೆ. ಗುಂಡಿ ಒತ್ತುವ ಮುಂಚೆ, ಪಕ್ಕದಲ್ಲಿ ಕೂತವನಿಗೆ ಹೇಳುವ ಹಾಗೆ, ಮೆಲ್ಲಗೆ ಹೇಳಿದೆ:

"ತಡಿಯಣ್ಣ, ಇನ್ನೂ ಐತಿ."