ಉಳಿದ ಏಳು ವೋಲ್ಟು

ನನ್ನ ಅಳಿಯ ಬೇರೆ ಯಾರೂ ಅಲ್ಲ, ತಮ್ಮನ ಮಗನೇ. ತುರುವೇಕೆರೆಯಲ್ಲಿ ಟಿವಿ, ಮೊಬೈಲು ರಿಪೇರಿ ಅಂಗಡಿ ಇಟ್ಟಿದ್ದಾನೆ. ಎತ್ತಿ ಆಡಿಸಿದ ಮಗು ಎಂದು ನನಗೆ ಅವನ ಮೇಲೆ ಕರುಣೆಯೇನೂ ಇಲ್ಲ. ತನಗೆ ಗೊತ್ತಿಲ್ಲದ್ದು ಲೋಕದಲ್ಲೇ ಇಲ್ಲ ಎನ್ನುವ ಪೈಕಿ ಅವನು.

ಹೋದ ವರ್ಷ ನಮ್ಮ ಅಟ್ಟಕ್ಕೆ ದೀಪ ಹಾಕಿಕೊಟ್ಟ. ಅಲ್ಲಿ ಹತ್ತು ತಿಂಗಳಿಂದ ಕಾಯಿ ಒಣಗುತ್ತಿತ್ತು, ಸಿಪ್ಪೆ ಸಮೇತ. ಒಳಗೆ ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡಿದೆಯೋ ಎಂದು ಒಂದೊಂದನ್ನೇ ಅಲ್ಲಾಡಿಸಿ ನೋಡಬೇಕು; ಹಗಲಲ್ಲೂ ಅಲ್ಲಿ ಕತ್ತಲೆ. ಕರೆಂಟನ್ನು ನಂಬುವ ಹಾಗಿಲ್ಲ ಎಂದು ಔಷಧಿ ಹೊಡೆಯುವ ಯಂತ್ರದ ಬ್ಯಾಟರಿ ಇಟ್ಟ. ನಡುವೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಉಗುರಿನಷ್ಟು ಒಂದು ಕರಿ ತುಂಡು, ಮೂರು ಕಾಲಿನದು. ರೆಗ್ಯುಲೇಟರಂತೆ. ಬ್ಯಾಟರಿಯ ಹನ್ನೆರಡು ವೋಲ್ಟನ್ನು ದೀಪಕ್ಕೆ ಬೇಕಾದ ಐದಕ್ಕೆ ಇಳಿಸುತ್ತದಂತೆ. ಮೊದಲು ಒಂದೇ ದೀಪ. ಆಮೇಲೆ ನನ್ನ ಮಗಳು ಕೇಳಿದಳೆಂದು ಅದಕ್ಕೇ ಇನ್ನೂ ಮೂರು ಸಿಕ್ಕಿಸಿದ.

ಡಬ್ಬಿಯಲ್ಲಿ ತೂತುಗಳಿದ್ದವು. ಇಲಿ ನುಗ್ಗೀತೆಂದು ನಾನು ಎಲ್ಲಕ್ಕೂ ಕಾಯಿನಾರು ತುರುಕಿದೆ.

ವಾರದೊಳಗೆ ದೀಪಗಳು ತಾವಾಗಿಯೇ ಆರುವುದು, ಸ್ವಲ್ಪ ಹೊತ್ತಿಗೆ ಮತ್ತೆ ಹತ್ತುವುದು ಶುರುವಾಯಿತು. ಒಂದು ಮಧ್ಯಾಹ್ನ ನಾರು ಸುಟ್ಟ ವಾಸನೆ. ಏಣಿ ಹತ್ತಿ ಡಬ್ಬಿ ಬಿಚ್ಚಿದರೆ ನಾರು ಕಡುಕಂದು ಬಣ್ಣಕ್ಕೆ ತಿರುಗಿತ್ತು. ತುಂಡು ಮುಟ್ಟಿದೆ, ಬೆರಳಿಗೆ ಬೊಬ್ಬೆ ಬಂತು. ಸುತ್ತ ಇಡೀ ವರ್ಷದ ಬೆಳೆ. ವೈರು ಕಿತ್ತು ಅವನನ್ನು ಕರೆಸಿದೆ.

ಬಂದವನು ನಕ್ಕ. “ಯಾಕತ್ತೆ ಹಂಗ್ ಹೆದರ್ತೀಯಾ? ಒಂದೂವರೆ ಆಂಪಿಯರ್ ತಡೀತದೆ ಅಂತ ಬರ್ದವ್ರೆ. ನಾಲ್ಕು ದೀಪ ಸೇರುದ್ರೂ ಒಂದೇ ಆಂಪಿಯರ್ ಎಳೆಯೋದು.”

“ಬರ್ದೋನು ನನ್ನ ಅಟ್ಟ ಹತ್ತಿದ್ನೇನ್ಲಾ? ಹನ್ನೆರಡು ಒಳೀಕೋಯ್ತು, ಐದು ಈಚೆಗ್ ಬಂತು. ಉಳಿದ ಏಳು ಎಲ್ಲೋಯ್ತು?”

“ಬಿಸಿಯಾಗೋಯ್ತದೆ. ದೀಪ ಜಾಸ್ತಿಯಾದಷ್ಟೂ ಬಿಸಿ ಜಾಸ್ತಿ. ವಿಪರೀತ ಆದ್ರೆ ಅದೇ ಆಫ್ ಆಗಿ ತನ್ನ ತಾನು ಉಳುಸ್ಕತದೆ ಕಣತ್ತೆ.”

“ಅದು ತನ್ನ ಉಳುಸ್ಕಂಡ್ರೆ ನನ್ನ ಕೊಬ್ಬರಿ ಉಳ್ಸೋರ್ ಯಾರ್ಲಾ? ನಿಮ್ಮಪ್ಪನಾ?”

ಅವರಪ್ಪ ನನ್ನ ತಮ್ಮ. ಅವನ ಕೈಯಲ್ಲಿ ಯಾವತ್ತೂ ಏನೂ ಉಳಿದಿಲ್ಲ.

ಆಗ ಅಳಿಯನ ಕಣ್ಣು ನಾರಿನ ಮೇಲೆ ಬಿತ್ತು. “ಇದ್ಯಾರು ತುರುಕಿದ್ದು? ಗಾಳಿ ಆಡ್ಲಿ ಅಂತಲ್ವಾ ತೂತು ಬುಟ್ಟಿದ್ದು!”

“ನಾನೇ. ಬಾಯ್ಬಿಟ್ಟು ಹೇಳಿದ್ಯಾ?”

“ಅದ್ನೂ ಹೇಳ್ಬೇಕಾ?” ಎಂದವನು ದನಿ ತಗ್ಗಿಸಿದ. “ಬಿಸಿ ಎಳ್ಕಳ್ಳಾಕೆ ತುಂಡಿನ ಬೆನ್ನಿಗೊಂದು ತಗಡು ಹಾಕ್ಬೇಕಿತ್ತು. ಒಂದೇ ದೀಪ ಅಂತ ಬುಟ್ಟಿದ್ದೆ.”

ಕಾಯಿಗೆ ಗಾಳಿಯಾಡಬೇಕೆಂದು ಅಟ್ಟದ ಒಂದು ಸಂದಿಯನ್ನೂ ಯಾರಿಗೂ ಮುಚ್ಚಲು ಬಿಡದವಳು ನಾನು. ಡಬ್ಬಿಯ ತೂತು ಮುಚ್ಚುವಾಗ ಆ ಬುದ್ಧಿ ಎಲ್ಲಿತ್ತೋ. ಇದನ್ನು ಅವನಿಗೆ ಹೇಳಲಿಲ್ಲ, ಹೇಳುವುದೂ ಇಲ್ಲ.

ಡಬ್ಬಿ ಇಳಿಸಿ ಹಿತ್ತಲ ಗೋಡೆಗೆ ಹೊಡೆಸಿದೆ. ತುಂಡಿನ ಬೆನ್ನಿಗೆ ಅಂಗೈಯಗಲ ಅಲ್ಯೂಮಿನಿಯಂ ತಗಡು ಬಂತು. ಎರಡು ದೀಪ ನಾನೇ ಕಿತ್ತೆಸೆದೆ. ಕೊಬ್ಬರಿ ಸುಡದೆ ತಿಪಟೂರಿನ ಮಂಡಿ ಸೇರಿತು.

ಈಗಲೂ ದಿನಾ ತಗಡಿನ ಮೇಲೆ ಬೆರಳಿಟ್ಟು ನೋಡುತ್ತೇನೆ. ಬೆಚ್ಚಗಿರುತ್ತದೆ, ಅಷ್ಟೇ. ಅಳಿಯ ಬಂದ ದಿನ ಮಾತ್ರ ಅವನಿಗೆ ಕಾಣುವಂತೆ ನಿಂತು, ಇನ್ನೂ ಸ್ವಲ್ಪ ಹೊತ್ತು ಇಟ್ಟಿರುತ್ತೇನೆ.